ಪೂವಮ್ಮನಿಗೆ ಮೊದಲ ಫೋನು

ಬೆಳಗಿನ ಜಾವ ನಾಲ್ಕೂವರೆ. ಗುತ್ತಿಗಾರು ಪೇಟೆಯ ಝೆರಾಕ್ಸ್ ಅಂಗಡಿಯ ಶಟರ್ ಅರ್ಧ ಎತ್ತಿದೆ. ಒಳಗೆ ಹಳೇ ಕಂಪ್ಯೂಟರಿನ ಮುಂದೆ ಶಾಲು ಹೊದ್ದು ಕುಳಿತಿದ್ದಾರೆ ಅಂಗಡಿಯೊಡತಿ ಮೋಕ್ಷಿತಾ. ಹೊಳೆಯಾಚೆ ಆನೆ ಇಳಿದಿದೆಯೆಂದು ಕಾಡಂಚಿನ ಕಾವಲುಗಾರ ಈಗಷ್ಟೇ ತಿಳಿಸಿದ್ದಾರೆ. ಪರದೆಯ ಮೇಲೆ ನಂಬರುಗಳು ಓಡತೊಡಗುತ್ತವೆ. ಮುನ್ನೂರ ಹನ್ನೆರಡು ಮನೆಗಳಿಗೆ ರೆಕಾರ್ಡ್ ಮಾಡಿಟ್ಟ ಒಂದೇ ದನಿ, ಮೋಕ್ಷಿತಾರದ್ದೇ: “ಆನೆ ಉಂಟು. ಹೊಳೆ ದಾಟ್ಬೇಡಿ.” ಕೊನೆಯ ಮನೆ ಮುಟ್ಟಲು ಅರ್ಧ ಗಂಟೆ ಬೇಕು. ಅಷ್ಟೂ ಹೊತ್ತು ಅವರು ಚಹಾ ಕೂಡ ಮುಟ್ಟುವುದಿಲ್ಲ.

ಹೀಗೆ ತಾನಾಗಿಯೇ ಫೋನ್ ಮಾಡುವ ಈ ಪ್ರೋಗ್ರಾಂ ಬರೆದವರು ಈಗ ತೀರಿಕೊಂಡಿರುವ ಮೇದಪ್ಪ ಮಾಸ್ಟ್ರು. ಹದಿನಾಲ್ಕು ವರ್ಷ ಹಳತು. ಸುಳ್ಯದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದ ಮೋಕ್ಷಿತಾ ಆರು ವರ್ಷದಿಂದ ಸಂಬಳವಿಲ್ಲದೆ ಅದನ್ನು ಸಾಕುತ್ತಿದ್ದಾರೆ. ತಿಂಗಳಿಗೆರಡು ಸಲ ಅದು ಕೆಟ್ಟು ಕೂರುತ್ತಿತ್ತು. ತೇಪೆಯ ಮೇಲೆ ತೇಪೆ. ಪುತ್ತೂರಿನ ಗೆಳತಿಯರೂ ಎಸೆದುಬಿಡು ಎಂದರು. ಸಾಕಪ್ಪ ಇದರ ಸಹವಾಸ ಎಂದು ಎಂಟು ತಿಂಗಳು ಕೂತು ಎಲ್ಲವನ್ನೂ ಹೊಸದಾಗಿಯೇ ಬರೆದರು.

“ಹಳತರಲ್ಲಿ ಹನ್ನೊಂದು ನಂಬರು ಎಲ್ಲರಿಗಿಂತ ಮುಂದೆ ಇತ್ತು. ಯಾಕೇಂತ ಒಂದಕ್ಷರ ಬರೆದಿರ್ಲಿಲ್ಲ. ಮಾಸ್ಟ್ರು ಗುರ್ತದವರನ್ನು ಮುಂದೆ ಹಾಕಿದ್ದಾಂತ ನಗಾಡಿದೆ ಮಾರಾಯ್ರೆ. ನಾನು ನ್ಯಾಯವಾಗಿ ಅಕ್ಷರಮಾಲೆ ಪ್ರಕಾರ ಜೋಡಿಸಿದೆ,” ಎನ್ನುತ್ತಾರೆ ಮೋಕ್ಷಿತಾ.

ಹೊಸತು ಓಡಿದ ಮೂರನೇ ಬೆಳಗ್ಗೆ ಆನೆ ಬಂತು. ‘ಅ’ದಿಂದ ಹೊರಟ ಕರೆ ‘ಪ’ಕ್ಕೆ ಬರುವಷ್ಟರಲ್ಲಿ ರಬ್ಬರ್ ಹಾಲಿಳಿಸುವ ಟ್ಯಾಪಿಂಗಿಗೆ ಹೋಗುವ ಪೂವಮ್ಮ ಹೊಳೆ ದಾಟಿಯಾಗಿತ್ತು. ಆಚೆಗೆ ನೆಟ್‌ವರ್ಕ್ ಇಲ್ಲ. ಹತ್ತು ಮಾರು ದೂರದಲ್ಲಿ ಆನೆ! ಬಕೆಟ್, ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬದುಕಿದರು. ಪೂವಮ್ಮನೂ ಸೇರಿ ಆ ಹನ್ನೊಂದೂ ಮಂದಿ ನಸುಕಿಗೇ ಹೊಳೆಯಾಚೆ ಕೆಲಸಕ್ಕೆ ಹೋಗುವವರೆಂದು ಮೋಕ್ಷಿತಾರಿಗೆ ಗೊತ್ತಾದದ್ದು ಆವತ್ತು.

ಅಂದೇ ಹೊಸದನ್ನು ತೆಗೆದು ಹಳತನ್ನೇ ಹಾಕಿದರು. ಎಂಟು ತಿಂಗಳ ದುಡಿಮೆ, ಹೊಟ್ಟೆ ಉರಿಯದೇ ಇದ್ದೀತೇ? ಈಗ ಮೂರು ತಿಂಗಳಿಂದ ದಿನಕ್ಕೆ ಹತ್ತು ಸಾಲಿನಂತೆ ಹಳೆಯದನ್ನು ಓದುತ್ತಿದ್ದಾರೆ. ಅರ್ಥವಾಗದ ಸಾಲು ಸಿಕ್ಕಿದರೆ ಸ್ಕೂಟರ್ ಹತ್ತಿ ಮನೆಗೇ ಹೋಗಿ ಕೇಳುತ್ತಾರೆ. ಒಂದು ನಂಬರಿಗೆ ಮೂರು ಸಲ ಕರೆ ಯಾಕೆ? ಆ ಮನೆಯ ದುಗ್ಗಪ್ಪನವರಿಗೆ ಕಿವಿ ಮಂದ. ಹೀಗೆ ತಿಳಿದ ಮೇಲೆಯೇ ಸಾಲನ್ನು ಸರಿಪಡಿಸಿ, ಕಾರಣವನ್ನು ಪಕ್ಕದಲ್ಲೇ ಬರೆದಿಡುತ್ತಾರೆ. ಎರಡು ಸಾವಿರದಲ್ಲಿ ಒಂಬೈನೂರು ಸಾಲು ಮುಗಿದಿದೆ. ಕೆಟ್ಟು ಕೂರುವುದು ನಿಂತಿದೆ. ಅಬ್ಬಬ್ಬಾ, ಈ ತಾಳ್ಮೆಗೆ ಕೈಮುಗಿಯಬೇಕು!

ಪೂವಮ್ಮನಿಗೆ ಇದೊಂದೂ ಗೊತ್ತಿಲ್ಲ. ಮೋಕ್ಷಿತಾಳೇ ಎದ್ದು ಫೋನ್ ಮಾಡುತ್ತಾಳೆಂದು ನಂಬಿದ್ದಾರೆ. ರೆಕಾರ್ಡಿನ ದನಿಗೆ “ಆಯ್ತು ಮಗಾ” ಎಂದು ಉತ್ತರವನ್ನೂ ಕೊಡುತ್ತಾರೆ. “ಅವತ್ತೊಂದು ದಿನ ಪಾಪ, ಆ ಹುಡುಗಿಗೆ ನಿದ್ದೆ ಬಂದಿರ್ಬೇಕು. ಅದು ಫೋನ್ ಮಾಡ್ಲಿಲ್ಲಾಂದ್ರೆ ಆನೆ ಇಲ್ಲ ಅಂತ ಲೆಕ್ಕ. ಮತ್ತೆಂತ ಹೆದರಿಕೆ?”

ಈ ಮಾತು ಕೇಳಿ ಮೋಕ್ಷಿತಾ ಕಣ್ಣೊರೆಸಿಕೊಳ್ಳುತ್ತಾರೆ. ಇನ್ನು ಹೊಸತು ಬರೆಯುವುದೇ ಇಲ್ಲವೇ ಎಂದು ಅವರನ್ನು ಕೇಳಿದರೆ,

“ಬರೀಬೇಕಾದೀತು. ಎಲ್ಲ ಸಾಲಿಗೂ ಕಾರಣ ಸಿಕ್ಕಿದ ಮೇಲೆ ನೋಡುವ,” ಎಂದು ಪರದೆಯತ್ತ ತಿರುಗುತ್ತಾರೆ. “ಒಂದು ಉಪಕಾರ ಮಾಡಿ. ಕಂಪ್ಯೂಟರ್ ಫೋನ್ ಮಾಡುದೂಂತ ಪೂವಮ್ಮಕ್ಕನಿಗೆ ಹೇಳ್ಬೇಡಿ. ನಾನೇ ಮಾಡುದೂಂತ ಅವರು ತಿಳ್ಕೊಂಡಿರ್ಲಿ. ನನ್ನನ್ನೇ ನಂಬಿದ್ದಾರೇಂತ ಗೊತ್ತಿದ್ರೆ ಆನೆ ಬರುವ ಹೊತ್ತಿಗೆ ನನಗೂ ನಿದ್ದೆ ಬರ್ಲಿಕ್ಕಿಲ್ಲ.”