ಹೆಬ್ಬೆಟ್ಟಿನ ಹಾಳೆ

ಮೊನ್ನೆ ಕೊಡಿಗೇಹಳ್ಳಿಯ ಬೈಂಡಿಂಗ್ ಅಂಗಡಿಯ ಮುಂದೆ ಬರುವಾಗ ಬಿಸಿ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಹೊಸ ಪುಸ್ತಕದ ವಾಸನೆ. ಪಾಸ್ಟರ್ ನೆನಪಾದರು...

ಆಗ ನಾನು ಹೆಬ್ಬಾಳದ ಹತ್ತಿರ, ಬೈಬಲ್ ಅನುವಾದ ಮಾಡಿಸುವ ಸಂಸ್ಥೆಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಗಡಿಬೆಟ್ಟದ ಒಂದು ಸಣ್ಣ ಜನರ ಭಾಷೆಗೆ ಸುವಾರ್ತೆ ತರುವ ಕೆಲಸ. ಕಂಪ್ಯೂಟರು, ಅಚ್ಚು ಸಂಸ್ಥೆಯದು, ಭಾಷೆ ಅವರದು. ಪಾಸ್ಟರ್ ಆ ಜನರ ಪೈಕಿಯೇ, ಅವರ ಸಭೆಯನ್ನು, ಅಂದರೆ ಊರಿನ ಚರ್ಚನ್ನು, ನಡೆಸುತ್ತಿದ್ದವರು. ಅವರದೊಂದು ಕ್ರಮವಿತ್ತು. ಪ್ರತಿ ಅಧ್ಯಾಯವನ್ನೂ ಊರಿಗೆ ಒಯ್ದು, ಓದು ಬಾರದ ಮುದುಕಿಯರಿಗೆ ಓದಿ ಹೇಳುವರು. ಮುದುಕಿಯರು ಅದನ್ನು ತಿರುಗಿ ಹೇಳಬೇಕು. ಹೇಳಿದ್ದು ಬೇರೆಯಾದರೆ ತಿದ್ದಿ ಮತ್ತೆ ಓದುವರು. ಟೈಪು ಮಾಡಿದ್ದನ್ನೇ ನಾಲ್ಕು ಸಲ ಮಾಡುವ ಕರ್ಮ ನನ್ನದು. ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಕೊನೆಯ ಆರು ಅಧ್ಯಾಯಗಳನ್ನು ಊರು ಇನ್ನೂ ಕೇಳಿರಲಿಲ್ಲ. ಪುಸ್ತಕದ ಬಿಡುಗಡೆಗೆ ಹೊರದೇಶದ ಅತಿಥಿಗಳ ಟಿಕೆಟ್ ಆಗಿಹೋಗಿತ್ತು. ಇಡೀ ಸಭೆ ಒಪ್ಪಿದೆ ಎಂಬ ಪತ್ರ ಕೊಡಿ ಎಂದು ಮ್ಯಾನೇಜರ್ ದುಂಬಾಲು ಬಿದ್ದರು. ಪಾಸ್ಟರ್ ಕೊಡಲಿಲ್ಲ.

"ನಮ್ ಅಜ್ಜೀರು ಕೇಳಿಲ್ಲ. ಅವರ ಬದ್ಲು ಒಪ್ಕೊಳ್ಳೋಕೆ ನಾನ್ಯಾರು?"

ಮೊದಲ ಅಧ್ಯಾಯಗಳನ್ನು ಕೇಳಲು ಬಂದಿದ್ದ ಮುದುಕಿಯರ ಹಾಜರಿ ಹಾಳೆ ನನ್ನ ಫೈಲಿನಲ್ಲಿತ್ತು, ತುಂಬ ಹೆಬ್ಬೆಟ್ಟು. ಪತ್ರವನ್ನು ಸಭೆಯ ಹೆಸರಿನಲ್ಲಿ ತಾವೇ ಬರೆದ ಮ್ಯಾನೇಜರ್ ಆ ಹಾಳೆಯನ್ನು ಅದಕ್ಕೆ ಸೇರಿಸಲು ಹೇಳಿದರು. ಪಿನ್ ಹೊಡೆದವನು ನಾನು. ದೇವರ ಕೆಲಸಕ್ಕೆ ಇಷ್ಟು ಸುಳ್ಳು ನಡೆಯುತ್ತದೆ ಎಂದುಕೊಂಡೆ.

ಪುಸ್ತಕದ ಮೊದಲ ಪುಟದಲ್ಲೇ ಸಭೆಯ ಒಪ್ಪಿಗೆ ಹೆಬ್ಬೆಟ್ಟುಗಳ ಸಮೇತ ಅಚ್ಚಾಗಿ ಬಂತು. ಊರಿನಲ್ಲಿ ಆ ಒಪ್ಪಿಗೆಯನ್ನೂ ಕೊನೆಯ ಅಧ್ಯಾಯವನ್ನೂ ಓದಿದಾಗ, ಇದನ್ನು ನಮಗೆ ಯಾವಾಗ ಓದಿದ್ದೆ ಎಂದು ಮುದುಕಿಯರು ಪಾಸ್ಟರನ್ನು ಕೇಳಿದರಂತೆ. ಹಿಂದೆ ಯಾರಿಗೋ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡಿದ್ದ ಜನ. ಪಾಸ್ಟರೇ ತಮ್ಮನ್ನು ಮಾರಿಕೊಂಡರೆಂದು ಸಭೆಯಿಂದ ಹೊರಗಿಟ್ಟರು.

ಪಾಸ್ಟರ್ ಆಫೀಸಿಗೆ ಬಂದು ನನ್ನ ಮೇಜಿನ ಪಕ್ಕ ನಿಂತರು. "ಆ ಹಾಳೆ ಸೇರ್ಸಿದ್ದು ಯಾರು ತಮ್ಮಾ?"

"ಗೊತ್ತಿಲ್ಲ ಪಾಸ್ಟರ್."

"ಹೋಗ್ಲಿ. ನೀನಲ್ಲವಲ್ಲ, ಅಷ್ಟು ಸಾಕು," ಎಂದು ಹೆಗಲು ತಟ್ಟಿ ಹೋದರು.

ಆ ಕೆಲಸ ಬಿಟ್ಟು ವರ್ಷಗಳಾದವು. ಪಾಸ್ಟರ್ ಹೋದ ವರ್ಷ ಇಲ್ಲೇ ತೀರಿಕೊಂಡರು. ಊರಿನಿಂದ ಒಬ್ಬರೂ ಮಣ್ಣಿಗೆ ಬರಲಿಲ್ಲವಂತೆ. ನಾನೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ನಾಚಿಕೆಯಾಗುತ್ತದೆ, ಈಗಲೂ. ತಪ್ಪು ನನ್ನದು ಎಂದು ಆ ಮುದುಕಿಯರಿಗೆ ಒಂದು ಕಾಗದ ಬರೆದಿಟ್ಟಿದ್ದೇನೆ. ಅವರ ಭಾಷೆಯಲ್ಲಿ ಅದನ್ನು ಓದಿ ಹೇಳಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ.