ಪಕ್ಕದ ತಾರಸಿಯ ಚಂದ್ರಮುಕುಟ

"ಹಕ್ಕಿಯನ್ನು ನೋಡುವವರಿಗೆ ಗೋಡೆ ಕಾಣುವುದಿಲ್ಲ"... ಹೀಗೇ ಇತ್ತೇ, ಅಥವಾ "ಗೋಡೆ ಅಡ್ಡವಾಗುವುದಿಲ್ಲ" ಎಂದಿತ್ತೇ? ಎಂ.ಎ. ಓದುವಾಗ ಹಾಸ್ಟೆಲ್ಲಿನ ಗೆಳತಿಯೊಬ್ಬಳು ನೋಟ್ ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದ ಸಾಲು.

ಯಾವುದೇ ಇರಲಿ, ಅವಳು ಸೌದಿಯ ಈ ಉನೈಜಾದಲ್ಲಿ ಬಾಡಿಗೆಗೆ ಇದ್ದವಳಲ್ಲ.

ಇಲ್ಲಿ ತಾರಸಿಯ ಗೋಡೆ ನನಗಿಂತ ಎತ್ತರ. ಕಳ್ಳರಿಗೆ ಹೆದರಿ ಕಟ್ಟಿದ್ದಲ್ಲ. ಮನೆಯ ಹೆಂಗಸರು ತಲೆಯ ಮೇಲೆ ಬಟ್ಟೆಯಿಲ್ಲದೆ ಬಿಸಿಲಿಗೆ ಕೂತರೂ ಪಕ್ಕದವರ ಕಣ್ಣು ಬೀಳಬಾರದೆಂದು. ಹತ್ತೊಂಬತ್ತು ವರ್ಷದಿಂದ ಇಲ್ಲಿರುವ ನನಗೆ ಇದು ಗೊತ್ತಿಲ್ಲದ್ದೇನಲ್ಲ.

ಆದರೂ ಈ ಮಾರ್ಚ್‌ನಲ್ಲಿ ಆ ಗೋಡೆಗೆ ತಾಗಿಸಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ಮೇಲೆ ಹತ್ತಿ, ಬೈನಾಕ್ಯುಲರ್ ಹಿಡಿದು ನಿಂತೆ.

ಕಾರಣ ಕೇಳಿದರೆ... ಸುಸ್ತು. ಎರಡು ವರ್ಷದಿಂದ ನಿದ್ದೆ ಮಾಡಿದರೂ ಹೋಗದ ಸುಸ್ತು. ನನ್ನ ಗಂಡ ಲ್ಯಾನ್ಸಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ನನ್ನ ರಕ್ತವನ್ನು ತಾವೇ ಪರೀಕ್ಷಿಸಿ, "ಎಲ್ಲ ನಾರ್ಮಲ್ ಉಂಟು ಮಾರಾಯ್ತಿ, ನಿನ್ನದಕ್ಕಿಂತ ನನ್ನದೇ ಹಾಳು" ಎಂದು ರಿಪೋರ್ಟ್ ಕೈಗಿಟ್ಟರು.

ನಾರ್ಮಲ್ ಆದವರು ಮುಂದೇನು ಮಾಡಬೇಕೆಂದು ರಿಪೋರ್ಟಿನಲ್ಲಿ ಬರೆದಿರಲಿಲ್ಲ.

ಮಗಳು ಓದಲು ಮಂಗಳೂರಿಗೆ ಹೋಗುವಾಗ ಬಿಟ್ಟುಹೋಗಿದ್ದ ಬೈನಾಕ್ಯುಲರ್ ಇತ್ತು. ಒಂದು ನೋಟ್ ಬುಕ್, ಒಂದು ಪೆನ್ಸಿಲ್. ಬಿಸಿಲೇರುವ ಮುಂಚಿನ ಒಂದು ಗಂಟೆ. ಇಡೀ ದಿನದಲ್ಲಿ ನಾನೇ ಎಳೆದುಕೊಂಡು ಹೋಗಬೇಕಿಲ್ಲದ ಗಂಟೆ ಅದೊಂದೇ.

ವಸಂತದಲ್ಲಿ ಇಲ್ಲಿಯ ಆಕಾಶ ಹೆದ್ದಾರಿಯ ಹಾಗೆ. ಆಫ್ರಿಕಾದಿಂದ ಉತ್ತರಕ್ಕೆ ಹೊರಟ ಕವಲುತೋಕೆಗಳು, ಸದ್ದು ಮಾಡುತ್ತಾ ಸಾಗುವ ಕಳ್ಳಿಪೀರಗಳ ಗುಂಪು... ಯಾವುದಕ್ಕೂ ನಮ್ಮ ಬೀದಿಯಲ್ಲಿ ಕೆಲಸವಿಲ್ಲ.

ಇಳಿದದ್ದು ಒಂದೇ ಒಂದು ಜೋಡಿ. ಚಂದ್ರಮುಕುಟ. ಪಕ್ಕದ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಅಡಿಯ ಇಟ್ಟಿಗೆಯ ಸಂದಿಯಲ್ಲಿ ಗೂಡು. ಹೆಣ್ಣು ಒಳಗೆ ಕೂತುಬಿಟ್ಟಿತು. ಗಂಡು ಹುಳ ತಂದು, ತಲೆಯ ಕಿರೀಟ ಒಮ್ಮೆ ಬಿಚ್ಚಿ ಮಡಚಿ, ಅದರ ಬಾಯಿಗೆ ಕೊಟ್ಟು ಹೋಗುತ್ತಿತ್ತು.

ದಿನವೂ ಬರೆದೆ. ಚಿತ್ರ ಬಿಡಿಸಿದೆ.

ಹನ್ನೆರಡನೆಯ ದಿನ ಸ್ಟೂಲ್ ಹತ್ತಿದರೆ ಎದುರಿಗೆ ಹಸಿರು ಬಟ್ಟೆ. ಪಕ್ಕದವರ ಗೋಡೆಯ ಮೇಲೆ ಕಂಬಿ ನಿಲ್ಲಿಸಿ, ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಕಟ್ಟಿದ್ದಾರೆ.

ನೆರಳಿಗಿರಬೇಕು ಎಂದುಕೊಂಡೆ. ಕೆಳಗಿಳಿದು ಚಹಾಕ್ಕೆ ನೀರಿಡುವಾಗ ಅರ್ಥವಾಯಿತು. ಆ ಬಟ್ಟೆ ಬಿಸಿಲಿಗಲ್ಲ, ನನಗೆ.

ಲ್ಯಾನ್ಸಿಗೆ ಹೇಳಿದೆ. ಹೇಳಬಾರದಿತ್ತು.

"ಎಂತ, ನಿನಗೆ ತಲೆ ಸರಿ ಉಂಟಾ? ದುರ್ಬೀನು ಹಿಡ್ಕೊಂಡು ಇನ್ನೊಬ್ಬರ ತಾರಸಿ ನೋಡ್ಲಿಕ್ಕೆ! ಅವರೊಂದು ಕಂಪ್ಲೇಂಟ್ ಕೊಟ್ರೆ ನನ್ನ ಇಕಾಮಾ ಹೋಗ್ತದೆ. ಅದು ಹೋದ್ರೆ ಈ ದೇಶದಲ್ಲಿ ಒಂದು ದಿನ ಇರ್ಲಿಕ್ಕಿಲ್ಲ. ಆಮೇಲೆ ಯಲ್ಲಾ, ಊರಿಗೆ ಹೋಗಿ ಕಾಗೆ ನೋಡು."

"ನಾನು ನೋಡಿದ್ದು ಹಕ್ಕಿ."

"ಅದು ನಿನಗೆ ಗೊತ್ತು. ಅವರಿಗೆ ಕಂಡದ್ದು ದುರ್ಬೀನು."

ಸ್ಟೂಲ್ ಬಚ್ಚಲಿಗೆ ಹೋಯಿತು. ಬೈನಾಕ್ಯುಲರ್ ಮಗಳ ಸ್ವೆಟರ್‌ಗಳ ಅಡಿಗೆ. ಬೆಳಗಾಗುವ ಮುಂಚೆಯೇ ಎಚ್ಚರವಾಗುತ್ತದೆ, ಎದ್ದು ಹೋಗಲು ಜಾಗವಿಲ್ಲ. ಮರಿಗಳು ಹೊರಬಂದಿರಬೇಕು ಎಂದು ಮಲಗಿಯೇ ದಿನ ಎಣಿಸುತ್ತೇನೆ. ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದರೂ ಲ್ಯಾನ್ಸಿ ಟಿವಿಯ ಸೌಂಡ್ ಕಡಿಮೆ ಮಾಡುತ್ತಾರೆ.

ಬಟ್ಟೆ ಕಟ್ಟಿದ ಎಂಟನೆಯ ದಿನ ಅವರು ಡ್ಯೂಟಿಗೆ ಹೋದ ಮೇಲೆ ಅಬಾಯಾ ಹಾಕಿಕೊಂಡು ಪಕ್ಕದ ಮನೆಯ ಬೆಲ್ ಒತ್ತಿದೆ. ಕೈಯಲ್ಲಿ ನೋಟ್ ಬುಕ್. ಅದೇ ನನ್ನ ಸಾಕ್ಷಿ.

ಬಾಗಿಲು ತೆರೆದವರು ಮನೆಯ ಹಿರಿಯಾಕೆ ಉಮ್ಮ್ ಸಾಲಿಹ್. ಎಪ್ಪತ್ತು ದಾಟಿರಬಹುದು. ಇಷ್ಟು ವರ್ಷ ಸಲಾಂ ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ.

ನನ್ನ ಅಡುಗೆಮನೆಯ ಅರಬ್ಬಿಯಲ್ಲಿ ಕ್ಷಮೆ ಕೇಳಿದೆ. ಸ್ಟೂಲ್ ಹತ್ತಿದ್ದು ನಿಜ, ಆದರೆ ಮನೆ ನೋಡಲಿಲ್ಲ, "ಹುದ್ ಹುದ್" ನೋಡಿದೆ ಎಂದೆ. ಚಂದ್ರಮುಕುಟಕ್ಕೆ ಇಲ್ಲಿ ಆ ಹೆಸರು.

ಅವರು ಪುಸ್ತಕ ತೆಗೆದುಕೊಂಡರು. ಕನ್ನಡ ಅಕ್ಷರಗಳ ಮೇಲೆ ಸುಮ್ಮನೆ ಬೆರಳಾಡಿಸಿ ಪುಟ ತಿರುವಿದರು. ಟ್ಯಾಂಕು. ಹಕ್ಕಿ. ಹಕ್ಕಿಯ ಕೊಕ್ಕಿನಲ್ಲಿ ಹುಳ...

ಆಗ ನೆನಪಾಯಿತು, ಮುಂದಿನ ಪುಟದಲ್ಲಿ ಏನಿದೆ ಎಂದು. ತಡೆಯಲು ಆಗಲಿಲ್ಲ.

ಆ ಪುಟದಲ್ಲಿ ಹಕ್ಕಿಯೇ ಇಲ್ಲ. ಟ್ಯಾಂಕಿನ ಪಕ್ಕ ನಮಗೆ ಬೆನ್ನು ಮಾಡಿ ಕೂತ ಒಬ್ಬ ಮುದುಕಿ. ಮದರಂಗಿ ಹಚ್ಚಿದ ಕೂದಲು ಪೂರ್ತಿ ಬಿಚ್ಚಿ ಬಿಸಿಲಿಗೆ ಹರಡಿದ್ದಾರೆ. ಕೈಯಲ್ಲಿ ಕೆಟಲ್, ಹಕ್ಕಿಗಳಿಗೆಂದು ತಟ್ಟೆಗೆ ನೀರು ಸುರಿಯುತ್ತಿದ್ದಾರೆ.

ಅವತ್ತು ಇಡೀ ಒಂದು ಗಂಟೆ ನಾನು ಹಕ್ಕಿಯ ಕಡೆ ತಿರುಗಿರಲಿಲ್ಲ. ಒಬ್ಬ ಹೆಂಗಸು ಯಾರಿಗೂ ಏನನ್ನೂ ಮಾಡಿಕೊಡದೆ ಅಷ್ಟು ಹೊತ್ತು ಕೂತಿರುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ... ಕೈ ತನ್ನಷ್ಟಕ್ಕೆ ಬಿಡಿಸಿತ್ತು.

ಗೆಳತಿಯ ಸಾಲು ಹೇಗೇ ಇರಲಿ, ಸುಳ್ಳು. ಗೋಡೆ ನನಗೆ ಕಂಡಿತ್ತು. ಕಂಡೇ ಹತ್ತಿದ್ದೆ.

ಉಮ್ಮ್ ಸಾಲಿಹ್ ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೊಲಿಗೆಯ ಗುಂಟ ನಿಧಾನವಾಗಿ ಹರಿದು, ನಾಲ್ಕಾಗಿ ಮಡಚಿ, ಅಂಗಿಯ ತೋಳಿನೊಳಗೆ ಸೇರಿಸಿಕೊಂಡರು. ಪುಸ್ತಕ ವಾಪಸ್ ಕೊಟ್ಟರು. ನಾನು ತಲೆ ಎತ್ತಲಿಲ್ಲ. ಲ್ಯಾನ್ಸಿಗೆ ಏನು ಹೇಳುವುದು ಎಂದೇ ಯೋಚಿಸುತ್ತಿದ್ದೆ.

ಬಾಗಿಲು ಅರ್ಧ ಮುಚ್ಚಿ ಅವರು ಹೇಳಿದರು: "ಆ ಬಟ್ಟೆ ಅಲ್ಲೇ ಇರ್ತದೆ. ಮರಿ ನೋಡ್ಬೇಕಾದ್ರೆ ನಾಳೆ ನಮ್ಮ ಮೆಟ್ಟಿಲು ಹತ್ತಿ ಬಾ, ಯಾ ಬಿಂತಿ... ಈ ವಯಸ್ಸಲ್ಲಿ ಸ್ಟೂಲ್ ಮೇಲೆ ನಿಂತ್ರೆ ಬೀಳ್ತೀ ಮಗಳೇ."