ಏರಿ ಮೇಲಿನ ಓಟ

ಬಸ್ತಿಹಳ್ಳಿಯ ಮನೆಯಿಂದ ದಿನಾ ಟಾರು ರಸ್ತೆಯಲ್ಲಿ ಓಡುತ್ತಿದ್ದವನು ಅವತ್ತು ಬೆಳಗ್ಗೆ ಮೊದಲ ಸಲ ಕೆರೆ ಏರಿ ಹತ್ತಿದೆ. ತುಂಬಿದ ನೀರಿನ ಮೇಲೆ ಮಂಜು ಹಾಸಿತ್ತು; ಓಡುತ್ತಿದ್ದೇನೋ ತೇಲುತ್ತಿದ್ದೇನೋ ಗೊತ್ತಾಗುತ್ತಿರಲಿಲ್ಲ. ತೂಬಿನ ಹತ್ತಿರ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಅಜ್ಜ ಗುದ್ದಲಿ ಹಿಡಿದು ನನ್ನೆದುರಿಗೇ ಓಡಿ ಬಂದರು.

"ಎಲ್ಲಿ ಒಡೀತಪ್ಪ ಏರಿ?"

"ಒಡೆದಿಲ್ಲ ಅಜ್ಜ, ಸುಮ್ನೆ ಓಡ್ತಿದೀನಿ."

"ಏರಿ ಮ್ಯಾಲೆ ಸುಮ್ನೆ ಯಾರು ಓಡ್ತಾರೆ? ಬಿರುಕು ಕಂಡೋರೇ ಓಡೋದು."

ನನ್ನ ಮಾತು ನಂಬದೆ, ನಾನು ಬಂದ ದಾರಿಯುದ್ದಕ್ಕೂ ಮಣ್ಣನ್ನು ಕಾಲಲ್ಲಿ ಒತ್ತಿ ನೋಡುತ್ತಾ ಮಂಜಿನೊಳಗೆ ಹೋಗಿಬಿಟ್ಟರು.

ಈಗ ಏರಿ ಮುಗಿಯುವವರೆಗೆ ನಡೆದೇ ಹೋಗುತ್ತೇನೆ. ಕೈಯಲ್ಲಿನ ವಾಚು ಮಾತ್ರ ಓಟ ನಿಂತಿತೆಂದು ಗೊಣಗುತ್ತಿರುತ್ತದೆ. ಪಾಪ, ಅದಕ್ಕೆ ಕೆರೆ ಕೆಳಗೆ ಗದ್ದೆಯಿಲ್ಲ.